ವಕಾಲತ್ತು ಹಾಕಿದವರ ಹೊಣೆ: ರಾಮ್ ಜೇಠ್ಮಲಾನಿಯವರ ವೃತ್ತಿಜೀವನವನ್ನು ಕುರಿತು



1988ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಇಂದಿರಾ ಗಾಂಧಿ ಹತ್ಯೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಗಲ್ಲಿಗೆ ಗುರಿಯಾಗಿದ್ದ ಮೂವರು ಅದರ ಮುಂದಿದ್ದರು. ಗುಂಡು ಹಾರಿಸಿದ ಅಂಗರಕ್ಷಕ ಸತ್ವಂತ್ ಸಿಂಗ್ ಒಬ್ಬ. ಸಂಚಿನಲ್ಲಿ ಪಾಲುಗೊಂಡ ಆರೋಪ ಹೊತ್ತ ಸರ್ಕಾರಿ ನೌಕರ ಕೇಹರ್ ಸಿಂಗ್ ಇನ್ನೊಬ್ಬ. ಮೂರನೆಯವನು ಪ್ರಧಾನಿ ನಿವಾಸದ ಭದ್ರತೆಯಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಬಲಬೀರ್ ಸಿಂಗ್. ಕೆಳಗಿನ ಕೋರ್ಟು 1986ರ ಜನವರಿಯಲ್ಲಿ ಮೂವರಿಗೂ ಗಲ್ಲು ವಿಧಿಸಿತ್ತು. ದೆಹಲಿ ಹೈಕೋರ್ಟು ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟು ಇಬ್ಬರ ಶಿಕ್ಷೆಯನ್ನು ಉಳಿಸಿ, ಬಲಬೀರ್ ಸಿಂಗರನ್ನು ನಿರಪರಾಧಿಯೆಂದು ಬಿಡುಗಡೆ ಮಾಡಿತು. ಎರಡು ಕೋರ್ಟುಗಳು ನೇಣಿಗೆ ಕಳಿಸಿದ್ದ ಮನುಷ್ಯ ಮೂರನೆಯ ಕೋರ್ಟಿನಿಂದ ಮನೆಗೆ ಹೋದ. ಕೇಹರ್ ಸಿಂಗ್ ಮತ್ತು ಬಲಬೀರ್ ಸಿಂಗ್ ಪರವಾಗಿ ಅಲ್ಲಿ ವಾದಿಸಿದವರು ರಾಮ್ ಜೇಠ್ಮಲಾನಿ.

ಈ ಮೊಕದ್ದಮೆಗೆ ನಮ್ಮ ರಾಜ್ಯದ ನಂಟು ಎರಡು ಬಗೆಯಲ್ಲಿದೆ. ಜಿ.ಎಲ್. ಓಝಾ, ಬಿ.ಸಿ. ರೇ ಅವರೊಡನೆ ಆ ಪೀಠದಲ್ಲಿ ಕೂತಿದ್ದ ಮೂರನೆಯ ನ್ಯಾಯಮೂರ್ತಿ ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ನಮ್ಮ ಕೆ. ಜಗನ್ನಾಥ ಶೆಟ್ಟರು. ವಾದಿಸಿದ ಜೇಠ್ಮಲಾನಿಯವರೂ ಅದೇ 1988ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು.

ಈ ದತ್ತಿ ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನನಗಿತ್ತು. ಸನ್ನಡತೆಯ ಹಿರಿಯ ವಕೀಲರೊಬ್ಬರ ಹೆಸರಿನಲ್ಲಿ ನಡೆಯುವ ಉಪನ್ಯಾಸಕ್ಕೆ ಇಂಥ ವಿವಾದಾಸ್ಪದ ವ್ಯಕ್ತಿ ಏಕೆ ಎಂದು ಕೆಲವರು ಕೇಳಿದರು. ಕಳ್ಳಸಾಗಣೆದಾರರ ವಕೀಲ, ಹಂತಕರ ವಕೀಲ, ಭ್ರಷ್ಟರ ವಕೀಲ ಎಂದು ಅವರನ್ನು ಜನ ಕರೆದದ್ದು ನಿಜ. ವೃತ್ತಿಯ ಪರಮ ಕರ್ತವ್ಯ ಎಲ್ಲಿ ತನ್ನ ಪೂರ್ಣ ರೂಪದಲ್ಲಿ ಕಾಣುತ್ತದೆ, ಎಲ್ಲಿ ಜಾರುತ್ತದೆ ಎಂಬೆರಡನ್ನೂ ಒಂದೇ ಬಾಳಿನಲ್ಲಿ ನೋಡಬೇಕಾದರೆ ಇವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಅವರು ಹುಟ್ಟಿದ್ದು 1923ರ ಸೆಪ್ಟೆಂಬರ್ 14ರಂದು, ಸಿಂಧ್ ಪ್ರಾಂತದ ಶಿಕಾರ್‌ಪುರದಲ್ಲಿ. ಹದಿನೇಳಕ್ಕೆ ಕಾನೂನು ಪದವಿ ಮುಗಿಯಿತು. ಸನ್ನದು ಪಡೆಯಲು ಇಪ್ಪತ್ತೊಂದು ತುಂಬಬೇಕೆಂಬ ನಿಯಮವಿತ್ತು. ಹುಡುಗ ತನ್ನ ಅಹವಾಲನ್ನು ತಾನೇ ಮಂಡಿಸಿ, ವಿಶೇಷ ಅನುಮತಿ ಪಡೆದು ಹದಿನೆಂಟಕ್ಕೇ ವಕೀಲನಾದ. ಕರಾಚಿಯಲ್ಲಿ ಎ.ಕೆ. ಬ್ರೋಹಿಯವರ ಜೊತೆಗಾರಿಕೆಯಲ್ಲಿ ವಕಾಲತ್ತು ಶುರುವಾಯಿತು. ಬ್ರೋಹಿ ಮುಂದೆ ಪಾಕಿಸ್ತಾನದ ಕಾನೂನು ಮಂತ್ರಿಯಾದರು. 1948ರ ಆರಂಭದ ಗಲಭೆಯಲ್ಲಿ ಜೇಠ್ಮಲಾನಿ ಎಲ್ಲವನ್ನೂ ಬಿಟ್ಟು ಮುಂಬಯಿಗೆ ಬಂದು ನಿರಾಶ್ರಿತರ ಶಿಬಿರ ಸೇರಿದರು. ಅಲ್ಲಿ ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸವೆಂದರೆ, ನಿರಾಶ್ರಿತರನ್ನು ಅಪರಾಧಿಗಳಂತೆ ನಡೆಸಿಕೊಳ್ಳುತ್ತಿದ್ದ ಬಾಂಬೆ ನಿರಾಶ್ರಿತರ ಕಾಯ್ದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಿದ್ದು. ಆಗ ಪ್ರಾಂತದ ಗೃಹಮಂತ್ರಿ ಮೊರಾರ್ಜಿ ದೇಸಾಯಿ. ಜೇಠ್ಮಲಾನಿ ಗೆದ್ದರು. ಊರಿಗೆ ಬೇಡವಾದ ಜನ ಎಂದರೇನೆಂದು ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ಶಿಬಿರದ ತಗಡಿನ ಸೂರಿನಡಿ ಅವರೇ ಆ ಜನರಲ್ಲೊಬ್ಬರಾಗಿ ಬದುಕಿದ್ದರು. ಅವರ ಮುಂದಿನ ನಡೆಯನ್ನು ಬರಿಯ ಹಣದಾಸೆಯಿಂದ ವಿವರಿಸುವವರು ಈ ಪುಟವನ್ನು ಮಗುಚಿಬಿಡುತ್ತಾರೆ.

ಹೆಸರು ತಂದದ್ದು 1959ರ ನಾನಾವತಿ ಪ್ರಕರಣ. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ ತನ್ನ ಹೆಂಡತಿಯೊಡನೆ ಸಂಬಂಧವಿಟ್ಟುಕೊಂಡಿದ್ದ ಪ್ರೇಮ್ ಆಹುಜಾನನ್ನು ಗುಂಡಿಟ್ಟು ಕೊಂದ. ಮುಂಬಯಿಯ ಜನ, ಅದರಲ್ಲೂ ‘ಬ್ಲಿಟ್ಜ್’ ಪತ್ರಿಕೆ, ಕೊಂದವನನ್ನು ವೀರನೆಂದು ಮೆರೆಸಿತು. ಜ್ಯೂರಿ ಎಂಟಕ್ಕೆ ಒಂದರಂತೆ ಅವನು ನಿರ್ದೋಷಿ ಎಂದಿತು. ಜೇಠ್ಮಲಾನಿ ಇಲ್ಲಿ ಸತ್ತವನ ಅಕ್ಕನ ಪರವಾಗಿ ಸರ್ಕಾರಿ ವಕೀಲರ ಬೆನ್ನಿಗಿದ್ದರು. ಸ್ನಾನ ಮುಗಿಸಿ ಬಂದಿದ್ದ ಆಹುಜಾನ ಸೊಂಟದ ಟವೆಲ್ಲು ಹೊಯ್ದಾಟ ನಡೆದಿದ್ದರೆ ಕಳಚಿ ಬೀಳದೆ ಉಳಿಯುತ್ತಿತ್ತೆ ಎಂಬ ಪ್ರಶ್ನೆ ಆ ಮೊಕದ್ದಮೆಯಿಂದ ಇಂದಿಗೂ ಕಾನೂನು ಕಾಲೇಜುಗಳಲ್ಲಿ ಓಡಾಡುತ್ತಿದೆ. ಹೈಕೋರ್ಟು ಜ್ಯೂರಿಯ ಮಾತನ್ನು ಬದಿಗಿಟ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಆಗಲೂ ಜೇಠ್ಮಲಾನಿ ಇದ್ದದ್ದು ಊರು ದ್ವೇಷಿಸುವ ಕಡೆಯಲ್ಲೇ ಎಂಬುದನ್ನು ಗಮನಿಸಿ. ಸತ್ತವನನ್ನು ಲಂಪಟನೆಂದು ಜರೆಯುತ್ತಿದ್ದ ನಗರದಲ್ಲಿ ಅವನ ಜೀವಕ್ಕೂ ಬೆಲೆಯಿದೆ ಎಂದು ಹೇಳುವವರು ಬೇಕಿತ್ತು.

ಅರವತ್ತರ ದಶಕದಲ್ಲಿ ಮುಂಬಯಿಯ ಚಿನ್ನದ ಕಳ್ಳಸಾಗಣೆದಾರರ ಮೊಕದ್ದಮೆಗಳು ಸಾಲಾಗಿ ಬಂದವು. ಹಾಜಿ ಮಸ್ತಾನ್‌ನಂಥವರ ಹೆಸರು ಅವರ ಹೆಸರಿಗೆ ಅಂಟಿಕೊಂಡದ್ದು ಆಗ. ದುಬಾರಿ ಶುಲ್ಕ ತೆಗೆದುಕೊಂಡರು, ಶ್ರೀಮಂತರಾದರು. ಆ ಕಾಲದ ಬಗ್ಗೆ ನಾನು ಹೆಚ್ಚು ಹೇಳಲಾರೆ. ವೃತ್ತಿಯ ದೃಷ್ಟಿಯಿಂದ ಅದು ತಪ್ಪಲ್ಲ, ವಿಶೇಷವೂ ಅಲ್ಲ.

ಇಂದಿರಾ ಗಾಂಧಿ ಹೇರಿದ ತುರ್ತು ಪರಿಸ್ಥಿತಿ ಬೇರೆಯೇ ಮಾತು. ಆಗ ಅವರು ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಕೇರಳದಲ್ಲಿ ಮಾಡಿದ ಭಾಷಣಕ್ಕಾಗಿ ಅವರ ಮೇಲೆ ವಾರಂಟು ಹೊರಟಿತು. ನಾನಿ ಪಾಲ್ಖಿವಾಲಾ ಅವರ ಮುಂದಾಳತನದಲ್ಲಿ ಮುನ್ನೂರಕ್ಕೂ ಹೆಚ್ಚು ವಕೀಲರು ಬಾಂಬೆ ಹೈಕೋರ್ಟಿನಲ್ಲಿ ಅವರ ಪರವಾಗಿ ಎದ್ದುನಿಂತು ತಡೆಯಾಜ್ಞೆ ಪಡೆದರು. ಬಂಧಿತರು ಬಿಡುಗಡೆಗಾಗಿ ಕೋರ್ಟಿನ ಮೊರೆ ಹೋಗಲಾಗದೆಂದ 1976ರ ಏಪ್ರಿಲ್‌ನ ಜಬಲ್ಪುರ ತೀರ್ಪಿನಿಂದ ಆ ರಕ್ಷಣೆಗೆ ಅರ್ಥವಿಲ್ಲದಂತಾಯಿತು. ಅವರು ದೇಶ ಬಿಟ್ಟು ಹೋಗಬೇಕಾಯಿತು. 1977ರ ಚುನಾವಣೆಯಲ್ಲಿ ಮುಂಬಯಿ ವಾಯವ್ಯ ಕ್ಷೇತ್ರದಿಂದ ನಿಂತು, ಕಾನೂನು ಮಂತ್ರಿಯಾಗಿದ್ದ ಎಚ್.ಆರ್. ಗೋಖಲೆಯವರನ್ನೇ ಸೋಲಿಸಿದರು. ಆ ಮುನ್ನೂರು ಮಂದಿಯಲ್ಲಿ ಎಲ್ಲರೂ ಅವರ ರಾಜಕೀಯವನ್ನು ಒಪ್ಪಿದವರಾಗಿರಲಾರರು. ತಮ್ಮ ವೃತ್ತಿಯವನೊಬ್ಬನನ್ನು ವಕೀಲನಿಲ್ಲದೆ ಬಿಡಬಾರದು ಎಂದಷ್ಟೇ ಬಂದವರೂ ಅದರಲ್ಲಿದ್ದರು ಎಂದು ನಂಬುತ್ತೇನೆ.

ಈ ಹಿನ್ನೆಲೆಯಿಂದಲೇ, ಇಂದಿರಾ ಹತ್ಯೆಯ ಆರೋಪಿಗಳ ವಕಾಲತ್ತನ್ನು ಅವರು ಹಳೆಯ ಹಗೆಯಿಂದ ಹಿಡಿದರು ಎಂಬ ಮಾತು ಹುಟ್ಟಿತು. ಇರಬಹುದು, ಇಲ್ಲದಿರಬಹುದು. ವಕೀಲನ ಎದೆಯೊಳಗೆ ಏನಿತ್ತು ಎಂಬುದನ್ನು ಬಲಬೀರ್ ಸಿಂಗ್ ಕಡತ ಕೇಳುವುದಿಲ್ಲ. ಆ ಕಡತದಲ್ಲಿ ಏನಿತ್ತು? ಪ್ರಧಾನಿ ನಿವಾಸದ ಮರದ ಮೇಲೆ ಬಂದು ಕೂತ ಗಿಡುಗವೊಂದರ ಬಗ್ಗೆ ಬಲಬೀರ್ ಸಿಂಗ್ ಅವರು ಗುಂಡು ಹಾರಿಸಿದ ಇನ್ನೊಬ್ಬ ಅಂಗರಕ್ಷಕ ಬೇಅಂತ್ ಸಿಂಗನೊಡನೆ ಆಡಿದರೆನ್ನಲಾದ ಮಾತು. ಅವರಿಂದ ವಶಪಡಿಸಿಕೊಂಡದ್ದೆಂದು ತೋರಿಸಿದ ಒಂದು ಹಾಳೆ. ಅದರಲ್ಲಿ ಘಟನೆ, ದಿನಾಂಕಗಳಿದ್ದವು, ಕೊಲೆಯ ಸಂಚಿನ ಮಾತಿರಲಿಲ್ಲ. ಬಂಧನ ಎಂದು, ಎಲ್ಲಿ ಆಯಿತೆಂಬುದರಲ್ಲೇ ತಕರಾರು. ದೇಶವೇ ಶೋಕದಲ್ಲಿದ್ದಾಗ ಇಷ್ಟು ಸಾಕೆನಿಸಿ ಎರಡು ಕೋರ್ಟುಗಳು ಗಲ್ಲು ಕೊಟ್ಟವು. ಚಿನ್ನವನ್ನು ಒರೆಗಲ್ಲಿಗೆ ಹಚ್ಚುವ ಅಕ್ಕಸಾಲಿಗ ತಂದವನ ಮುಖ ನೋಡಿ ಉಜ್ಜುವುದಿಲ್ಲ. ಹಾಗೆ ಸರ್ಕಾರದ ಸಾಕ್ಷ್ಯವನ್ನು ಒಂದೊಂದಾಗಿ ಉಜ್ಜಿ ನೋಡುವವನೊಬ್ಬ ಬೇಕಿತ್ತು. ಉಜ್ಜಿದಾಗ ಬಣ್ಣ ಉಳಿಯಲಿಲ್ಲ.

ಕೇಹರ್ ಸಿಂಗ್ ಉಳಿಯಲಿಲ್ಲ. ಅವರ ವಿರುದ್ಧ ಇದ್ದದ್ದೂ ಸಾಂದರ್ಭಿಕ ಸಾಕ್ಷ್ಯವೇ: ಬೇಅಂತ್ ಸಿಂಗನೊಡನೆ ಮನೆಯ ಮಾಳಿಗೆಯ ಮೇಲೆ ನಡೆದ ಗುಟ್ಟಿನ ಮಾತು, ಹತ್ಯೆಗೆ ಹತ್ತು ದಿನ ಮೊದಲು ಅಮೃತಸರಕ್ಕೆ ಹೋದದ್ದು, ಬೇಅಂತನ ಹೆಂಡತಿಯ ಹೇಳಿಕೆ. ವಿ.ಆರ್. ಕೃಷ್ಣ ಅಯ್ಯರ್ ಅವರಂಥವರೇ ಈ ಸಾಕ್ಷ್ಯ ಸಾಲದೆಂದು ಬಹಿರಂಗವಾಗಿ ಹೇಳಿದ್ದರು. ಕ್ಷಮಾದಾನದ ಅರ್ಜಿ ಹೋಯಿತು. ಸುಪ್ರೀಂ ಕೋರ್ಟು ನಿರ್ಧರಿಸಿದ ಸಂಗತಿಯ ಒಳಹೊಕ್ಕು ನೋಡಲಾಗದೆಂದು ರಾಷ್ಟ್ರಪತಿ ಭವನದಿಂದ ಉತ್ತರ ಬಂತು. ಇದನ್ನು ಪ್ರಶ್ನಿಸಿದಾಗ ಸಂವಿಧಾನ ಪೀಠ 1988ರ ಡಿಸೆಂಬರಿನಲ್ಲಿ ಒಂದು ದೊಡ್ಡ ಮಾತು ಹೇಳಿತು: 72ನೇ ವಿಧಿಯಡಿ ರಾಷ್ಟ್ರಪತಿ ಸಾಕ್ಷ್ಯವನ್ನು ತಾವೇ ಪರಿಶೀಲಿಸಿ ಕೋರ್ಟಿಗಿಂತ ಬೇರೆ ತೀರ್ಮಾನಕ್ಕೆ ಬರಬಹುದು, ಆ ಅಧಿಕಾರದ ವ್ಯಾಪ್ತಿ ಎಷ್ಟೆಂಬುದನ್ನು ಕೋರ್ಟು ನೋಡಬಹುದು. ಅರ್ಜಿ ಮತ್ತೆ ಹೋಯಿತು, ಮತ್ತೆ ತಿರಸ್ಕೃತವಾಯಿತು. 1989ರ ಜನವರಿ 6ರಂದು ತಿಹಾರ್‌ನಲ್ಲಿ ಸತ್ವಂತ್ ಸಿಂಗರ ಜೊತೆ ಕೇಹರ್ ಸಿಂಗರನ್ನೂ ನೇಣಿಗೇರಿಸಿದರು.

ಅವರಿಗೆ ದಕ್ಕದ ಆ ತೀರ್ಪು ಬೇರೆಯವರಿಗೆ ದಕ್ಕಿತು. ಪಾಲಾರ್ ನೆಲಬಾಂಬು ಸ್ಫೋಟದ ಪ್ರಕರಣದಲ್ಲಿ ಗಲ್ಲು ಶಿಕ್ಷೆ ಹೊತ್ತು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ವೀರಪ್ಪನ್‌ನ ನಾಲ್ವರು ಸಹಚರರ ವಿಷಯ ನಿಮಗೆ ನೆನಪಿರಬಹುದು. ಕ್ಷಮಾದಾನದ ಅರ್ಜಿ ತೀರ್ಮಾನಿಸುವಲ್ಲಿ ಆದ ಅತಿ ವಿಳಂಬದ ಕಾರಣ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇತರ ಹಲವರೊಡನೆ ಅವರ ಶಿಕ್ಷೆಯನ್ನೂ ಜೀವಾವಧಿಗೆ ಇಳಿಸಿತು. ಕ್ಷಮಾದಾನದ ತೀರ್ಮಾನವನ್ನು ಕೋರ್ಟು ಪರಿಶೀಲಿಸಬಹುದೆಂಬ ದಾರಿಯಲ್ಲಿ ಕೇಹರ್ ಸಿಂಗ್ ಮೊಕದ್ದಮೆ ಒಂದು ಮುಖ್ಯ ಮೆಟ್ಟಿಲು. ಮುಂದಿನ ತಿಂಗಳೇ ರಾಜೀವ್ ಗಾಂಧಿ ಹತ್ಯೆಯ ಮೂವರ ಗಲ್ಲೂ ಅದೇ ದಾರಿಯಲ್ಲಿ ತಪ್ಪಿತು. ಆ ಮೂವರನ್ನು 2011ರ ಸೆಪ್ಟೆಂಬರಿನಲ್ಲಿ ನೇಣಿಗೇರಿಸಲು ದಿನ ಗೊತ್ತಾಗಿದ್ದಾಗ ಮದ್ರಾಸ್ ಹೈಕೋರ್ಟಿನಲ್ಲಿ ನಿಂತು ತಡೆಯಾಜ್ಞೆ ತಂದವರು ಆಗ ಎಂಬತ್ತೆಂಟರ ಹೊಸ್ತಿಲಲ್ಲಿದ್ದ ಜೇಠ್ಮಲಾನಿ. ಒಬ್ಬ ತಾಯಿ, ಒಬ್ಬ ಮಗ. ಇಬ್ಬರು ಪ್ರಧಾನಿಗಳ ಹಂತಕರೆಂದು ಜನ ಹೆಸರಿಟ್ಟವರ ಪರವಾಗಿ ನಿಂತದ್ದು ಒಬ್ಬನೇ ವಕೀಲ.

ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ ಮಾತ್ರ ಸಂಸತ್ತಿನ ಮೇಲಿನ ದಾಳಿಯ ಮೊಕದ್ದಮೆಯದು. 2001ರ ಡಿಸೆಂಬರ್ 13ರ ಆ ದಾಳಿಯ ನಂತರ, ದೆಹಲಿಯ ಜಾಕಿರ್ ಹುಸೇನ್ ಕಾಲೇಜಿನಲ್ಲಿ ಅರಬ್ಬಿ ಕಲಿಸುತ್ತಿದ್ದ ಎಸ್.ಎ.ಆರ್. ಗಿಲಾನಿಯವರನ್ನು ಹಿಡಿದರು. ಭಯೋತ್ಪಾದನೆ ತಡೆ ಕಾಯ್ದೆಯಾದ ಪೋಟಾದ ವಿಶೇಷ ಕೋರ್ಟು 2002ರ ಡಿಸೆಂಬರಿನಲ್ಲಿ ಗಲ್ಲು ವಿಧಿಸಿತು. ಅವರ ವಿರುದ್ಧದ ಮುಖ್ಯ ಸಾಕ್ಷ್ಯ, ತಮ್ಮನೊಡನೆ ಕಾಶ್ಮೀರಿಯಲ್ಲಿ ಮಾತಾಡಿದ ಎರಡೂಕಾಲು ನಿಮಿಷದ ಒಂದು ಫೋನ್ ಕರೆ, ಮತ್ತು ಸಹ ಆರೋಪಿಗಳೊಡನೆ ಆಗಾಗ ಮಾತಾಡಿದ್ದನ್ನು ತೋರಿಸುವ ಫೋನ್ ದಾಖಲೆ. ಹೈಕೋರ್ಟಿನಲ್ಲಿ ಜೇಠ್ಮಲಾನಿ ವಾದಿಸಿದರು. ದೇಶದ್ರೋಹಿ ಎಂಬ ಬೈಗುಳ ಅವರ ಮನೆಬಾಗಿಲವರೆಗೂ ಬಂತು. 2003ರ ಅಕ್ಟೋಬರ್ 29ರಂದು ಹೈಕೋರ್ಟು ಗಿಲಾನಿಯವರನ್ನು ಖುಲಾಸೆಗೊಳಿಸಿತು. 2005ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟು ಅನುಮಾನದ ಒಂದೆರಡು ಮಾತು ಹೇಳಿದರೂ ಖುಲಾಸೆಯನ್ನು ಎತ್ತಿಹಿಡಿಯಿತು. ಅನುಮಾನಕ್ಕೂ ಪುರಾವೆಗೂ ನಡುವೆ ಇರುವ ದೂರದಲ್ಲಿ ಒಬ್ಬ ಅಧ್ಯಾಪಕನ ಪ್ರಾಣ ಉಳಿಯಿತು.

ಇದೇ ಮೊಕದ್ದಮೆಯ ಇನ್ನೊಬ್ಬ ಆರೋಪಿ ಅಫ್ಜಲ್ ಗುರುವಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ವಿಚಾರಣಾ ಕೋರ್ಟಿನಲ್ಲಿ ತನಗೆ ಬೇಕಾದ ವಕೀಲರ ಹೆಸರುಗಳನ್ನು ಅವನು ಕೊಟ್ಟ, ಅವರು ಬರಲಿಲ್ಲ. ಕೋರ್ಟು ನೇಮಿಸಿದವರು ಅವನ ಪರವಾಗಿ ನಿಂತರು. ತನಗೆ ಸರಿಯಾದ ರಕ್ಷಣೆ ಸಿಗಲಿಲ್ಲವೆಂಬ ಅವನ ದೂರನ್ನು ಸುಪ್ರೀಂ ಕೋರ್ಟು ಪರಿಶೀಲಿಸಿ ತಳ್ಳಿಹಾಕಿತು, ಅದನ್ನು ಹೇಳಲೇಬೇಕು. ಅವನ ವಿರುದ್ಧದ ಸಾಕ್ಷ್ಯ ಗಿಲಾನಿಯವರ ವಿರುದ್ಧದ್ದಕ್ಕಿಂತ ಬಲವಾಗಿತ್ತು, ಅದೂ ನಿಜ. ಆದರೂ ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಹೇಳಿಕೆ ಕೊಡುವ ಹೊತ್ತಿನಲ್ಲಿ ನಡೆಯದ ಪಾಟಿ ಸವಾಲನ್ನು ಮೇಲಿನ ಕೋರ್ಟಿನಲ್ಲಿ ಎಂಥ ಘಟಾನುಘಟಿ ಬಂದರೂ ನಡೆಸಲಾರ ಎಂಬುದು ಕ್ರಿಮಿನಲ್ ವಕೀಲಿ ಮಾಡಿದ ಎಲ್ಲರಿಗೂ ಗೊತ್ತು. 2013ರ ಫೆಬ್ರುವರಿ 9ರಂದು ಅವನನ್ನು ಗಲ್ಲಿಗೇರಿಸಿದರು. ನನ್ನ ಮನಸ್ಸು ಆ ವಿಷಯದಲ್ಲಿ ಇಂದಿಗೂ ಸಮಾಧಾನಗೊಂಡಿಲ್ಲ.

ಈಗ ಜಾರಿದ ಕಡೆಗೆ ಬರುತ್ತೇನೆ. 1999ರಲ್ಲಿ ದೆಹಲಿಯ ಮದ್ಯಕೂಟವೊಂದರಲ್ಲಿ ಗುಂಡಿಗೆ ಬಲಿಯಾದ ಜೆಸಿಕಾ ಲಾಲ್ ಪ್ರಕರಣದಲ್ಲಿ 2006ರ ಫೆಬ್ರುವರಿಯಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದಿದ್ದರು. ಜನ ಬೀದಿಗಿಳಿದರು. ಮೇಲ್ಮನವಿಯಲ್ಲಿ ಮುಖ್ಯ ಆರೋಪಿ, ಪ್ರಭಾವಿ ರಾಜಕಾರಣಿಯ ಮಗ ಮನು ಶರ್ಮಾನ ಪರವಾಗಿ ಜೇಠ್ಮಲಾನಿ ಬಂದಾಗ ದೇಶ ಸಿಡಿಯಿತು. ಅವರು ವಕಾಲತ್ತು ಹಾಕಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಆಕ್ಷೇಪ ಬೇರೆ. ಗಿಲಾನಿಗೆ, ಬಲಬೀರ್ ಸಿಂಗರಿಗೆ ಅವರು ಬಾರದಿದ್ದರೆ ಯಾರು ಬರುತ್ತಿದ್ದರೋ. ಮನು ಶರ್ಮಾನಿಗೆ ದೆಹಲಿಯ ಯಾವ ವಕೀಲರ ಬಾಗಿಲೂ ಮುಚ್ಚಿರಲಿಲ್ಲ. ಹಾಗಿರುವಾಗ ಅದನ್ನು ಗಿಲಾನಿ ಪ್ರಕರಣದ ಧೈರ್ಯದ ಸಾಲಿಗೆ ಸೇರಿಸಿ ಮಾತಾಡಿದ್ದು ಸರಿಯಾಗಲಿಲ್ಲ. ಗುಂಡು ಹಾರಿಸಿದವನು ಎತ್ತರದ ಸಿಖ್ಖನೊಬ್ಬ ಎಂಬ ವಾದವನ್ನು ಕೋರ್ಟಿನಾಚೆ, ಟೀವಿಯ ಮುಂದೆಯೂ ಹರಿಬಿಟ್ಟದ್ದಂತೂ ನನಗೆ ನೋವು ಕೊಡುತ್ತದೆ. ಸಿಖ್ಖರೆಂಬ ಕಾರಣಕ್ಕೇ ಅನುಮಾನಕ್ಕೊಳಗಾದವರ ಪರ ಒಂದು ಕಾಲದಲ್ಲಿ ನಿಂತಿದ್ದವರು ಅವರು. ಹೈಕೋರ್ಟು 2006ರ ಡಿಸೆಂಬರಿನಲ್ಲಿ ಮನು ಶರ್ಮಾನಿಗೆ ಜೀವಾವಧಿ ಶಿಕ್ಷೆ ವಿಧಿಸಿತು, 2010ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಉಳಿಸಿತು. ಮಾಧ್ಯಮಗಳೇ ವಿಚಾರಣೆ ನಡೆಸಿಬಿಡುವ ಚಾಳಿಯ ಬಗ್ಗೆ ಅದೇ ತೀರ್ಪಿನಲ್ಲಿ ಎಚ್ಚರಿಕೆಯ ಮಾತೂ ಬಂತು. ಜೇಠ್ಮಲಾನಿ ಅಲ್ಲಿ ಗೆದ್ದದ್ದು ಅಷ್ಟನ್ನೇ.

2017ರಲ್ಲಿ ಮಾನನಷ್ಟ ದಾವೆಯೊಂದರಲ್ಲಿ ಅರವಿಂದ ಕೇಜ್ರಿವಾಲರ ಪರವಾಗಿ ಅರುಣ್ ಜೇಟ್ಲಿಯವರನ್ನು ಪಾಟಿ ಸವಾಲಿಗೆ ಒಳಪಡಿಸಿದಾಗ ಅವರು ಬಳಸಿದ ಬೈಗುಳದ ಮಾತಿನಿಂದ ಇನ್ನೊಂದು ಮಾನನಷ್ಟ ದಾವೆಯೇ ಹುಟ್ಟಿತು. ಆಗ ಅವರಿಗೆ ತೊಂಬತ್ತಮೂರರ ವಯಸ್ಸು. ಆ ವರ್ಷದ ಸೆಪ್ಟೆಂಬರಿನಲ್ಲಿ ನಿವೃತ್ತಿ ಘೋಷಿಸಿದರು. 2019ರ ಸೆಪ್ಟೆಂಬರ್ 8ರಂದು ತೀರಿಕೊಂಡರು.

ಅದಕ್ಕೂ ಮುಂಚೆ ಬೆಂಗಳೂರಿನವರು ಅವರನ್ನು ಕಂಡದ್ದು 2014ರ ಅಕ್ಟೋಬರ್ 7ರಂದು. ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದ ಜಯಲಲಿತಾ ಅವರ ಜಾಮೀನಿಗಾಗಿ ಹೈಕೋರ್ಟಿನಲ್ಲಿ ವಾದಿಸಿದರು. ಸರ್ಕಾರಿ ಅಭಿಯೋಜಕರು ಆಕ್ಷೇಪವಿಲ್ಲವೆಂದರು. ಜಾಮೀನು ಸಿಕ್ಕಿತೆಂಬ ತಪ್ಪು ಸುದ್ದಿ ಹಬ್ಬಿ ಹೊರಗೆ ಅಭಿಮಾನಿಗಳು ಕುಣಿದೂ ಆಯಿತು. ನ್ಯಾಯಮೂರ್ತಿಗಳು ಅರ್ಜಿಯನ್ನು ತಿರಸ್ಕರಿಸಿದ್ದರು. ಎಷ್ಟು ದೊಡ್ಡ ವಕೀಲ ಬಂದರೂ, ಎದುರು ಪಕ್ಷವೇ ಒಪ್ಪಿದರೂ, ಕೋರ್ಟು ತನ್ನ ತೀರ್ಮಾನವನ್ನು ತಾನೇ ಮಾಡುತ್ತದೆ ಎಂಬುದಕ್ಕೆ ಅಂದಿನ ಮಧ್ಯಾಹ್ನ ಸಾಕ್ಷಿ. ದೊಡ್ಡ ವಕೀಲನೊಬ್ಬ ನಿಂತರೆ ಅಪರಾಧಿ ತಪ್ಪಿಸಿಕೊಂಡೇಬಿಡುತ್ತಾನೆ ಎಂದು ಹೆದರುವವರು ಅದನ್ನು ಮರೆಯಬಾರದು.

ಇನ್ನು ನಮ್ಮ ಮನೆಯ ಮಾತು. ವಕೀಲರ ಪರಿಷತ್ತಿನ ನಿಯಮ ಸ್ಪಷ್ಟವಾಗಿದೆ: ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ತನ್ನ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು ವಕೀಲ ಅವನ ಪರ ನಿಲ್ಲಬೇಕು, ತಕ್ಕ ಪುರಾವೆಯಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದೆನ್ನುವ ಕಾನೂನಿಗೆ ಅವನ ನಿಷ್ಠೆ. ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ಹಕ್ಕನ್ನು ಕೊಟ್ಟಿದೆ. ಇಂಥವನ ಪರ ಯಾರೂ ವಕಾಲತ್ತು ಹಾಕಬಾರದೆಂದು ವಕೀಲರ ಸಂಘಗಳು ಮಾಡುವ ಠರಾವುಗಳಿಗೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ, ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ, ಖಡಾಖಂಡಿತವಾಗಿ ಹೇಳಿತು. ಅದಕ್ಕೆ ಮುಂಚಿನ ವರ್ಷ ಮುಂಬಯಿಯಲ್ಲಿ, ಆ ನಗರದ ಮೇಲಿನ ಭಯೋತ್ಪಾದಕ ದಾಳಿಯ ಆರೋಪಿ ಕಸಬ್‌ನ ಪರ ಕೋರ್ಟೇ ನೇಮಿಸಿದ ವಕೀಲೆಯ ಮನೆಯ ಮೇಲೆ ಕಲ್ಲು ಬಿದ್ದಿತ್ತು.

ಸುಪ್ರೀಂ ಕೋರ್ಟಿನ ಆ ತೀರ್ಪು ಬಂದು ಹತ್ತು ವರ್ಷವಾಗುವ ಹೊತ್ತಿಗೆ ನಾವು ಏನು ಮಾಡಿದೆವು? 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ಒಂದು ವಿಡಿಯೊ ಕಾರಣಕ್ಕೆ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಅಲ್ಲಿನ ವಕೀಲರ ಸಂಘ ಅವರ ಪರ ಯಾರೂ ನಿಲ್ಲಬಾರದೆಂದು ಠರಾವು ಮಾಡಿತು. ಬೆಂಗಳೂರಿನ ವಕೀಲರು ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಠರಾವನ್ನು ಕಟುವಾಗಿ ಟೀಕಿಸಿತು. ಪೊಲೀಸ್ ಕಾವಲಿನಲ್ಲಿ ಧಾರವಾಡದ ಕೋರ್ಟಿಗೆ ಬಂದ ವಕೀಲರು ಅಲ್ಲಿ ಘೋಷಣೆ, ಕೂಗಾಟಗಳ ನಡುವೆ ಜಾಮೀನು ಅರ್ಜಿ ಹಾಕಬೇಕಾಯಿತು. ಕೂಗಿದವರಲ್ಲಿ ಕರಿಕೋಟು ತೊಟ್ಟವರೂ ಇದ್ದರು.

ಜೇಠ್ಮಲಾನಿಯವರಂಥವರು ಪ್ರತಿ ತಾಲ್ಲೂಕು ಕೋರ್ಟಿಗೂ ಬರಲಾರರು. ದೆಹಲಿಯಿಂದ ಒಬ್ಬರು ಬಂದು ನಿಲ್ಲಲಿ ಎಂದು ಕಾಯುವ ಅಗತ್ಯವೂ ಇಲ್ಲ. ಆ ಮೂವರು ಹುಡುಗರಿಗೆ ಕೊನೆಗೆ ಬೇಕಾದದ್ದು ಅಬ್ಬರದ ವಾದವೇನೂ ಆಗಿರಲಿಲ್ಲ. ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ ಕಾನೂನು ಕೊಟ್ಟ ಗಡುವು ಮುಗಿದರೆ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದೆ. ಆ ಹಕ್ಕು ತಾನಾಗಿ ಜೈಲಿನ ಬಾಗಿಲು ತೆರೆಯುವುದಿಲ್ಲ. ಗಡುವು ಮುಗಿದ ಮೇಲೆ, ಪಟ್ಟಿ ಬಂದು ಬೀಳುವ ಮೊದಲು, ಯಾರಾದರೂ ಅರ್ಜಿ ಹಾಕಿ ಕೇಳಬೇಕು. ಆ ನಡುವಿನ ಅವಕಾಶ ಕೆಲವೊಮ್ಮೆ ಒಂದು ದಿನದ್ದು, ಕೆಲವೊಮ್ಮೆ ಒಂದು ಮಧ್ಯಾಹ್ನದ್ದು. ಲೆಕ್ಕವಿಟ್ಟು ಕಾದಿದ್ದ ವಕೀಲರು ಅರ್ಜಿ ಹಾಕಿದರು. 2020ರ ಜೂನ್‌ನಲ್ಲಿ ಹುಬ್ಬಳ್ಳಿಯ ಕೋರ್ಟು ಆ ಮೂವರಿಗೂ ಜಾಮೀನು ಕೊಟ್ಟಿತು.